ವಾರದ ಪಾಠ: ಕ್ರಿಸ್ತಪುರಾಣದಿಂದ ಮಸ್ಕತ್‌ನ ಶುಕ್ರವಾರದವರೆಗೆ

ಮೊದಲು ಒಂದು ಚಿಕ್ಕ ಲೆಕ್ಕ ಮಾಡೋಣ. 2025ರ ಅಂಕಿಗಳನ್ನು ಕೂಡಿಸಿ: 2+0+2+5, ಒಟ್ಟು 9. ಅದನ್ನು 3ರಿಂದ ಭಾಗಿಸಿದರೆ ಶೇಷ ಸೊನ್ನೆ. ಹಾಗಾದರೆ ಆ ವರ್ಷ ನಮ್ಮ ಚರ್ಚ್‌ನಲ್ಲಿ ಹೆಚ್ಚಿನ ವಾರಗಳಲ್ಲಿ ಓದಿದ್ದು ಲೂಕನ ಪುಸ್ತಕ. ಈಗ 2026 ತೆಗೆದುಕೊಳ್ಳಿ. ಕೂಡಿಸಿದರೆ 10, ಶೇಷ 1. ಅಂದರೆ ಮತ್ತಾಯ. 2027ಕ್ಕೆ ಶೇಷ 2 ಬರುತ್ತದೆ, ಅದು ಮಾರ್ಕನ ವರ್ಷ. ನಿಮ್ಮ ಕ್ಲಾಸಿನಲ್ಲಿ ಯಾರಾದರೂ ಮಂಗಳೂರಿನ ಕ್ರಿಶ್ಚಿಯನ್ ಗೆಳೆಯರಿದ್ದರೆ ಈ ಲೆಕ್ಕ ಹೇಳಿ ನೋಡಿ. "ನಿನಗೆ ಹೇಗೆ ಗೊತ್ತು?" ಎಂದು ಅವರೇ ಕೇಳುತ್ತಾರೆ. ಒಂದು ಎಚ್ಚರಿಕೆ: ಚರ್ಚ್‌ನ ಹೊಸ ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮೊದಲು. ಅದಕ್ಕೆ ಆಗಮನ ಕಾಲ ಎನ್ನುತ್ತಾರೆ.

ನಮ್ಮ ಕನ್ನಡ ಶಾಲೆಯಲ್ಲಿ ಎಲ್ಲ ಧರ್ಮದ ಮಕ್ಕಳೂ ಇದ್ದೇವೆ. "ನೀವು ಪ್ರತಿ ವಾರ ಹೋಗಿ ಏನು ಓದುತ್ತೀರಿ? ಮೊದಲ ಪುಟದಿಂದ ಶುರು ಮಾಡುತ್ತೀರಾ?" ಎಂದು ನನ್ನನ್ನು ಕೇಳಿದವರಿದ್ದಾರೆ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಇತಿಹಾಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಗೋವಾ ಬರುತ್ತದೆ, ಬಳ್ಳಾರಿ ಬರುತ್ತದೆ, ಮಂಗಳೂರು ಬರುತ್ತದೆ, ನಾವಿರುವ ಮಸ್ಕತ್ ಕೂಡ ಬರುತ್ತದೆ. ನನಗೆ ಮುಖ್ಯವಾಗಿ ಕಂಡದ್ದು ಎರಡು ವಿಷಯ. ಈ ವಾರದ ಓದು ನಮ್ಮ ಕಡೆ ಉಳಿದದ್ದು ಚರ್ಚ್‌ನಿಂದ ಮಾತ್ರವಲ್ಲ, ಮನೆಗಳಿಂದ. ಮತ್ತು ಅದನ್ನು ಹೊತ್ತು ತಂದದ್ದರಲ್ಲಿ ಕನ್ನಡ ಅಕ್ಷರಗಳ ಪಾಲು ದೊಡ್ಡದು.

ಪವಿತ್ರ ಗ್ರಂಥವನ್ನು ಜನರ ಮುಂದೆ ಗಟ್ಟಿಯಾಗಿ ಓದುವುದು ಕ್ರೈಸ್ತರು ಹೊಸದಾಗಿ ಶುರು ಮಾಡಿದ್ದಲ್ಲ. ಅದು ಯೆಹೂದ್ಯರಿಂದ ಬಂದದ್ದು. ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿ ಎಜ್ರ ಎಂಬ ಪಂಡಿತ ಜೆರುಸಲೇಮಿನ ಬಯಲಿನಲ್ಲಿ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಓದಿದ ಪ್ರಸಂಗವಿದೆ. ಕೇಳಲು ಯಾರು ಯಾರು ಇದ್ದರು ಎಂದು ಅಲ್ಲಿ ಹೇಳಿದೆ: ಗಂಡಸರು, ಹೆಂಗಸರು ಮತ್ತು ಕೇಳಿ ಅರ್ಥಮಾಡಿಕೊಳ್ಳಬಲ್ಲವರೆಲ್ಲರೂ. ಆ ಕೊನೆಯ ಗುಂಪಿನಲ್ಲಿ ಮಕ್ಕಳೂ ಇದ್ದರು ಎಂದೇ ನಾನು ಓದಿಕೊಳ್ಳುತ್ತೇನೆ. ಓದಿದ್ದನ್ನು ಬಿಡಿಸಿ ಹೇಳಲು ಬೇರೆ ಜನ ಸುತ್ತ ನಿಂತಿದ್ದರು. ಊರಲ್ಲಿ ಗಮಕ ಕೇಳಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಬ್ಬರು ಕುಮಾರವ್ಯಾಸ ಭಾರತ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಕ್ರಿಸ್ತಶಕ 155ರ ಸುಮಾರಿಗೆ ರೋಮ್‌ನಲ್ಲಿದ್ದ ಜಸ್ಟಿನ್ ಎಂಬವರು ಭಾನುವಾರದ ಕೂಟ ಹೇಗಿರುತ್ತದೆ ಎಂದು ಚಕ್ರವರ್ತಿಗೆ ಬರೆದು ತಿಳಿಸಿದ್ದಾರೆ. ಪ್ರೇಷಿತರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಓದುತ್ತಾರೆ, ಆಮೇಲೆ ಹಿರಿಯರು ಮಾತಾಡುತ್ತಾರೆ ಎಂಬುದು ಅವರ ವಿವರ.

ಕ್ರಮೇಣ ಯಾವ ವಾರ ಯಾವ ಭಾಗ ಎಂಬ ಪಟ್ಟಿಗಳು ಬಂದವು. ಕಥೋಲಿಕರಲ್ಲಿ ಬಹಳ ಕಾಲ ಇದ್ದದ್ದು ಒಂದು ವರ್ಷದ ಪಟ್ಟಿ. ಭಾನುವಾರಕ್ಕೆ ಎರಡೇ ಓದು, ಮುಂದಿನ ವರ್ಷ ಮತ್ತೆ ಅವೇ. ಹಳೆಯ ಒಡಂಬಡಿಕೆ ಭಾನುವಾರಗಳಲ್ಲಿ ಕೇಳಿಸುತ್ತಿದ್ದದ್ದೇ ಅಪರೂಪ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಭೆಯ ನಂತರ ಇದು ಬದಲಾಯಿತು. 1969ರಲ್ಲಿ ಹೊಸ ಪಟ್ಟಿ ಬಂತು: ಮೂರು ವರ್ಷದ ಸುತ್ತು, ಪ್ರತಿ ಭಾನುವಾರ ಮೂರು ಓದು ಮತ್ತು ಒಂದು ಕೀರ್ತನೆ. ನಾನು ಮೇಲೆ ಕೊಟ್ಟ ಲೆಕ್ಕ ಈ ಪಟ್ಟಿಯದೇ. "ನಾಲ್ಕು ಶುಭಸಂದೇಶಗಳಿವೆ, ಮೂರೇ ವರ್ಷ, ಯೊವಾನ್ನ ಎಲ್ಲಿ?" ಎಂದು ಜಾಣರು ಕೇಳಬಹುದು. ಯೊವಾನ್ನನ ಭಾಗಗಳು ಮೂರೂ ವರ್ಷ ಈಸ್ಟರ್ ಕಾಲದಲ್ಲಿ ಬರುತ್ತವೆ. ಮಾರ್ಕನ ಪುಸ್ತಕ ಚಿಕ್ಕದಾದ್ದರಿಂದ ಆ ವರ್ಷದ ಮಧ್ಯದಲ್ಲೂ ಕೆಲವು ವಾರ ಯೊವಾನ್ನನನ್ನು ಸೇರಿಸಿದ್ದಾರೆ.

ಇದು ಲ್ಯಾಟಿನ್ ಕ್ರಮದವರ ಪಟ್ಟಿ. ಕೇರಳದ ಸಿರಿಯನ್ ಕ್ರಮದ ಗೆಳೆಯರಿಗೆ ಅವರದೇ ಬೇರೆ ಪಟ್ಟಿ ಇದೆ. ಪ್ರೊಟೆಸ್ಟೆಂಟರಲ್ಲಿ ಹಲವು ಸಭೆಗಳು ಈ ಮೂರು ವರ್ಷದ ಸುತ್ತನ್ನೇ ಸ್ವಲ್ಪ ಬದಲಿಸಿ 1992ರಲ್ಲಿ ತಮ್ಮದೊಂದು ಪಟ್ಟಿ ಮಾಡಿಕೊಂಡವು. ನಮ್ಮ ಮಂಗಳೂರು, ಉಡುಪಿ, ಧಾರವಾಡದ ಕಡೆಯ ಸಿ.ಎಸ್.ಐ. ಸಭೆಯವರು ಪ್ರತಿ ಭಾನುವಾರಕ್ಕೆ ಒಂದು ವಿಷಯ ಇಟ್ಟುಕೊಂಡು, ಆ ವಿಷಯಕ್ಕೆ ತಕ್ಕ ಪಾಠಗಳನ್ನು ವರ್ಷದ ಪಂಚಾಂಗದಂಥ ಪುಸ್ತಕದಲ್ಲಿ ಅಚ್ಚು ಹಾಕುತ್ತಾರೆ.

ಇಷ್ಟು ಪಟ್ಟಿಯ ಕಥೆ. ಇನ್ನು ಭಾಷೆಯ ಕಥೆಗೆ ಬರುತ್ತೇನೆ. ನನಗೆ ಇದೇ ಹೆಚ್ಚು ಇಷ್ಟ.

1960ರ ದಶಕದವರೆಗೆ ಕಥೋಲಿಕರ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಮೂಡುಬಿದಿರೆಯ ಹತ್ತಿರ ಗದ್ದೆ ಕೆಲಸ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಲ್ಯಾಟಿನ್ ಎಲ್ಲಿಂದ ಬರಬೇಕು? ಹಾಗಿದ್ದರೂ ನೋಹನ ಹಡಗು, ದಾವೀದ ಮತ್ತು ಗೋಲಿಯಾತ್, ದಾರಿ ತಪ್ಪಿದ ಮಗನ ಕಥೆ ಎಲ್ಲ ಅವರಿಗೆ ಗೊತ್ತಿತ್ತು. ಪಾದ್ರಿಗಳ ಪ್ರಸಂಗ, ಮಕ್ಕಳ ದೊತೊರ್ನ್ ಕ್ಲಾಸು (ಧರ್ಮಪಾಠಕ್ಕೆ ಕೊಂಕಣಿಯಲ್ಲಿ ನಾವು ಹೇಳುವ ಹೆಸರು), ಸಂಜೆ ಮನೆಯಲ್ಲಿ ಎಲ್ಲರೂ ಕೂತು ಹೇಳುವ ತೆರ್ಸ್ ಎಂಬ ಜಪಮಾಲೆ, ಇವು ಕಾರಣ. ಇವುಗಳ ಜೊತೆ ಒಂದು ಪುಸ್ತಕವೂ ಇತ್ತು. ಅದರ ಹೆಸರು ಕ್ರಿಸ್ತಪುರಾಣ.

ಇದನ್ನು ಬರೆದವರು ಒಬ್ಬ ಇಂಗ್ಲಿಷ್ ಪಾದ್ರಿ. ಹೆಸರು ಥಾಮಸ್ ಸ್ಟೀಫನ್ಸ್. 1579ರಲ್ಲಿ ಪೋರ್ಚುಗೀಸ್ ಹಡಗಿನಲ್ಲಿ ಗೋವಾಕ್ಕೆ ಬಂದರು, 1619ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ಹೊಸದಾಗಿ ಕ್ರೈಸ್ತರಾದ ಜನರಿಗೆ ತಮ್ಮ ಹಳೆಯ ಪುರಾಣಗಳನ್ನು ಓದುವ ಹಾಗಿರಲಿಲ್ಲ. ಸಂಜೆ ಹೊತ್ತು ಮನೆಯಲ್ಲಿ ಕೂತು ಕೇಳಲು, ಹಾಡಲು ಏನೂ ಉಳಿದಿರಲಿಲ್ಲ. ಅದರ ಬದಲಿಗೆ ನಮಗೊಂದು ಪುರಾಣ ಕೊಡಿ ಎಂದು ಅವರು ಕೇಳಿಕೊಂಡದ್ದನ್ನು ಸ್ಟೀಫನ್ಸ್ ಕಾವ್ಯದಲ್ಲೇ ಬರೆದಿದ್ದಾರೆ. ನನಗೆ ಇದು ಸ್ವಲ್ಪ ಬೇಸರದ ಮಾತಾಗಿಯೂ ಕಾಣುತ್ತದೆ. ಒಂದನ್ನು ಕಿತ್ತುಕೊಂಡ ಮೇಲೆ ಇನ್ನೊಂದನ್ನು ಕೊಟ್ಟದ್ದು ತಾನೇ? ಆದರೆ ಕೊಟ್ಟದ್ದನ್ನು ಅವರು ಪ್ರೀತಿಯಿಂದ ಕೊಟ್ಟರು ಎಂಬುದೂ ನಿಜ. ಸುಮಾರು 11,000 ಓವಿಗಳು! ಓವಿ ಎಂದರೆ ಜ್ಞಾನೇಶ್ವರಿಯಲ್ಲಿ ಇರುವ ಅದೇ ಮರಾಠಿ ಛಂದಸ್ಸು. ಭಾಷೆ ಕೊಂಕಣಿ ಬೆರೆತ ಮರಾಠಿ, ಲಿಪಿ ರೋಮನ್. ಮೊದಲ ಭಾಗದಲ್ಲಿ ಹಳೆಯ ಒಡಂಬಡಿಕೆಯ ಕಥೆ, ಎರಡನೆಯ ಭಾಗದಲ್ಲಿ ಯೇಸುವಿನ ಕಥೆ. 1616ರಲ್ಲಿ ಗೋವಾದ ರಾಶೋಲ್‌ನಲ್ಲಿ ಅಚ್ಚಾಯಿತು, ಮುಂದೆ 1649 ಮತ್ತು 1654ರಲ್ಲಿ ಮತ್ತೆ ಅಚ್ಚಾಯಿತು. ಆ ಮೂರು ಮುದ್ರಣಗಳ ಒಂದು ಪ್ರತಿಯೂ ಇಂದು ಸಿಕ್ಕಿಲ್ಲ.

ಹಾಗಾದರೆ ಕಾವ್ಯ ನಮಗೆ ಹೇಗೆ ಸಿಕ್ಕಿತು? ಕೈಬರಹದಿಂದ. ಗೋವಾದಿಂದ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ, ಕೆನರಾ ಕಡೆಗೆ ಬಂದು ನೆಲೆಸಿದವು. 1684ರಲ್ಲಿ ಗೋವಾದ ಪೋರ್ಚುಗೀಸ್ ವೈಸರಾಯ್ ಕೊಂಕಣಿ ಬಿಟ್ಟು ಮೂರು ವರ್ಷದೊಳಗೆ ಪೋರ್ಚುಗೀಸ್ ಕಲಿಯಬೇಕು ಎಂದು ಆಜ್ಞೆ ಹೊರಡಿಸಿದರು. ಕೆನರಾದಲ್ಲಿ ಆ ಆಜ್ಞೆ ನಡೆಯುತ್ತಿರಲಿಲ್ಲ, ಇಲ್ಲಿ ಇದ್ದದ್ದು ಕೆಳದಿಯ ನಾಯಕರ ರಾಜ್ಯ. ಇಲ್ಲಿನ ಮನೆಗಳಲ್ಲಿ ಜನ ಪುರಾಣವನ್ನು ಕೈಯಿಂದ ನಕಲು ಮಾಡಿಕೊಂಡು ಇಟ್ಟುಕೊಂಡರು. 1784ರಿಂದ 1799ರವರೆಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು ನಿಮಗೆ ಗೊತ್ತಿರಬಹುದು. ಆ 15 ವರ್ಷ ಊರಲ್ಲಿ ಚರ್ಚ್‌ಗಳು ಬಹುತೇಕ ಇಲ್ಲ, ಪಾದ್ರಿಗಳೂ ಇಲ್ಲವೆಂಬಂತೆ. ನೆನಪಿನಲ್ಲಿ ಇದ್ದದ್ದು ಮಾತ್ರ ಜೊತೆಗೆ ಹೋಯಿತು. ತಿರುಗಿ ಬಂದವರ ಮನೆಗಳಲ್ಲಿ ಓವಿಗಳು ಮತ್ತೆ ಕೇಳಿಸಿದವು. 1907ರಲ್ಲಿ ಜೋಸೆಫ್ ಎಲ್. ಸಲ್ಡಾನ ಎಂಬವರು ಅಂಥ ಕೈಬರಹದ ಪ್ರತಿಗಳನ್ನು ಸೇರಿಸಿ, ಹೋಲಿಸಿ, ಮಂಗಳೂರಿನಲ್ಲಿ ಕ್ರಿಸ್ತಪುರಾಣವನ್ನು ಅಚ್ಚು ಹಾಕಿಸಿದರು. ಸುಮಾರು ಎರಡೂವರೆ ಶತಮಾನ ಅದು ಬದುಕಿದ್ದು ಮನೆಯ ಪೆಟ್ಟಿಗೆಗಳಲ್ಲಿ ಮತ್ತು ಜನರ ಗಂಟಲಲ್ಲಿ. 20ನೇ ಶತಮಾನದ ಮೊದಲ ದಶಕಗಳವರೆಗೂ ವಿಶೇಷ ದಿನಗಳಲ್ಲಿ ಅದನ್ನು ಹಾಡುತ್ತಿದ್ದರು.

ಮಸ್ಕತ್‌ಗೂ ಈ ಕಥೆಗೂ ಏನು ಸಂಬಂಧ ಎಂದರೆ, ಅಕ್ಕಿ! 1507ರಿಂದ 1650ರವರೆಗೆ ಮಸ್ಕತ್ ಪೋರ್ಚುಗೀಸರ ಕೈಯಲ್ಲಿತ್ತು. ಅವರ ಸೈನಿಕರ ಹೊಟ್ಟೆಗೆ ಬಸ್ರೂರು, ಮಂಗಳೂರಿನ ಅಕ್ಕಿ ಬರುತ್ತಿತ್ತು. ಕಾರ್ನಿಷ್ ದಾಟಿ ಹಳೆಯ ಮಸ್ಕತ್‌ಗೆ ಹೋದಾಗ ಕಾಣುವ ಜಲಾಲಿ, ಮಿರಾನಿ ಕೋಟೆಗಳು ಆ ಕಾಲದವು. ಕ್ರಿಸ್ತಪುರಾಣ ಅಚ್ಚಾದ 1616ರಲ್ಲಿ ಈ ಕೋಟೆಗಳಲ್ಲೂ ಲ್ಯಾಟಿನ್ ಪೂಜೆ ನಡೆಯುತ್ತಿತ್ತು. 1650ರಲ್ಲಿ ಒಮಾನಿಗಳು ಪೋರ್ಚುಗೀಸರನ್ನು ಓಡಿಸಿದರು. ಮುಂದೆ 1695ರಲ್ಲಿ ಅರಬರು ಪೋರ್ಚುಗೀಸರ ಮೇಲಿನ ಸಿಟ್ಟಿಗೆ ಮಂಗಳೂರಿಗೇ ಹೋಗಿ ಬೆಂಕಿ ಹಚ್ಚಿದರು. ನಮ್ಮ ಎರಡು ಊರುಗಳ ಪರಿಚಯ ವೀಸಾ, ಪಾಸ್‌ಪೋರ್ಟ್‌ಗಿಂತ ಬಹಳ ಹಳೆಯದು!

ಈಗ ಕನ್ನಡಕ್ಕೆ ಬರೋಣ. ಪ್ರೊಟೆಸ್ಟೆಂಟರ ದಾರಿ ಬೇರೆ. ಅವರ ಪ್ರಕಾರ ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ ಬೈಬಲ್ ಓದಬೇಕು. ಹಾಗಾಗಿ ಮೊದಲು ಅನುವಾದ ಆಗಬೇಕು, ಆಮೇಲೆ ಜನರಿಗೆ ಓದು ಬರಬೇಕು. ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ಕೂತರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಕಲಿಯಲು ಇಂಗ್ಲಿಷ್-ಕನ್ನಡ ನಿಘಂಟೂ ಇರಲಿಲ್ಲ. ಅಂಥ ನಿಘಂಟನ್ನು ಅವರ ಜೊತೆಗಾರ ವಿಲಿಯಂ ರೀವ್ ತಯಾರಿಸಿ ಅಚ್ಚು ಹಾಕಿಸಿದ್ದು 1824ರಲ್ಲಿ. ಪೂರ್ತಿ ಬೈಬಲ್ ಕನ್ನಡದಲ್ಲಿ ಸಿಕ್ಕಿದ್ದು 1830ರ ದಶಕದ ಮೊದಲ ವರ್ಷಗಳಲ್ಲಿ. ಇಪ್ಪತ್ತು ವರ್ಷದ ಕೆಲಸ.

1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದರು. ಮುಂದಿನ ಕಥೆ ಕನ್ನಡ ಪುಸ್ತಕದಲ್ಲಿ ನೀವು ಓದಿದ್ದೀರಿ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಶುರು ಮಾಡಿದರು, ಅದೇ ಕನ್ನಡದ ಮೊದಲ ಪತ್ರಿಕೆ. ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ತಂದರು. ಇವರ ನಡುವೆ ಅಷ್ಟಾಗಿ ಹೆಸರು ಕೇಳದವರು ಗಾಟ್‌ಫ್ರೀಡ್ ವೈಗ್ಲೆ. ಬಳ್ಳಾರಿಯ ಬೈಬಲ್ ಓದಲು ಕಷ್ಟ ಎಂದು ಅದನ್ನು ಒಳ್ಳೆಯ ಕನ್ನಡಕ್ಕೆ ತಿದ್ದುವ ಕೆಲಸಕ್ಕೆ ಕೂತವರು. ಕೆಲಸ ಪೂರ್ತಿ ಮುಗಿಯುವ ಮೊದಲೇ, 1855ರಲ್ಲಿ ತೀರಿಕೊಂಡರು. ಉಳಿದದ್ದನ್ನು ಜೊತೆಯವರು ಮುಗಿಸಿದರು.

ಕಿಟ್ಟೆಲ್ ಎಂದರೆ ನಮಗೆಲ್ಲ ನಿಘಂಟು ಮಾತ್ರ. ಆದರೆ ನಿಘಂಟಿಗೆ 32 ವರ್ಷ ಮೊದಲು, 1862ರಲ್ಲಿ, ಅವರು ಕಥಾಮಾಲೆ ಎಂಬ ಪುಸ್ತಕ ಬರೆದಿದ್ದರು. ಯೇಸುವಿನ ಜೀವನವನ್ನು ನಮ್ಮ ಛಂದಸ್ಸುಗಳಲ್ಲಿ ಹಾಡುವ ಹಾಗೆ ಬರೆದ ಪುಸ್ತಕ ಅದು. ಮುಂದೆ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೇ ಸಂಪಾದಿಸಿದರು. ಸ್ಟೀಫನ್ಸ್ ಗೋವಾದಲ್ಲಿ ಕಂಡುಕೊಂಡದ್ದನ್ನು ಕಿಟ್ಟೆಲ್ ಎರಡೂವರೆ ಶತಮಾನದ ನಂತರ ಕನ್ನಡದಲ್ಲಿ ಕಂಡುಕೊಂಡರು: ಇಲ್ಲಿನ ಜನರಿಗೆ ಕಥೆ ತಲುಪಬೇಕಾದರೆ ಅದು ಕಿವಿಗೆ ಬೀಳಬೇಕು, ಬಾಯಿಗೆ ಬರಬೇಕು. ಒಬ್ಬರು ಕಥೋಲಿಕ, ಒಬ್ಬರು ಪ್ರೊಟೆಸ್ಟೆಂಟ್. ಆ ಕಾಲದಲ್ಲಿ ಇಬ್ಬರೂ ಸಿಕ್ಕಿದ್ದರೆ ಬಹುಶಃ ಜಗಳವಾಡುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಒಪ್ಪುತ್ತಿದ್ದರು.

ಇನ್ನೂ ಒಂದು ಸ್ವಾರಸ್ಯ ಹೇಳುತ್ತೇನೆ. ಗ್ರೈನರ್ ಮತ್ತಾಯನ ಪುಸ್ತಕವನ್ನು ತುಳುವಿಗೆ ಅನುವಾದಿಸಿದರು. ಅದು 1842ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1847ರಲ್ಲಿ ಪೂರ್ತಿ ಹೊಸ ಒಡಂಬಡಿಕೆ ತುಳುವಿನಲ್ಲಿ ಬಂತು. ಯಾವ ಲಿಪಿಯಲ್ಲಿ? ಕನ್ನಡ ಲಿಪಿಯಲ್ಲಿ. ಕೊಂಕಣಿಯೂ ಅದೇ ದಾರಿ ಹಿಡಿಯಿತು. ಕ್ರಿಸ್ತಪುರಾಣ ರೋಮನ್ ಲಿಪಿಯಲ್ಲಿದ್ದರೂ ಮಂಗಳೂರಿನ ಕೊಂಕಣಿ ಕ್ರೈಸ್ತರು ಮುಂದೆ ತಮ್ಮ ಭಾಷೆಯನ್ನು ಕನ್ನಡ ಅಕ್ಷರದಲ್ಲೇ ಬರೆದರು. 1938ರಲ್ಲಿ ಶುರುವಾದ ರಾಕ್ಣೊ ವಾರಪತ್ರಿಕೆ ಕನ್ನಡ ಲಿಪಿಯ ಕೊಂಕಣಿ. ನಮ್ಮ ಪ್ರಾರ್ಥನೆ ಪುಸ್ತಕ, ಹಾಡಿನ ಪುಸ್ತಕ, ಬೈಬಲ್ ಎಲ್ಲ ಕನ್ನಡ ಲಿಪಿಯಲ್ಲೇ. ಹೀಗೆ ಕನ್ನಡ, ತುಳು, ಕೊಂಕಣಿ ಮೂರೂ ಭಾಷೆಯ ವಾರದ ಪಾಠಕ್ಕೆ ಒಂದೇ ಅಕ್ಷರಮಾಲೆ.

ಕನ್ನಡದಲ್ಲೇ ಎರಡು ಬಗೆಯ ಮಾತಿದೆ ಎಂಬುದನ್ನೂ ಗಮನಿಸಿ. ಸಿ.ಎಸ್.ಐ. ಮನೆಯಲ್ಲಿ ಬೈಬಲ್‌ಗೆ ಸತ್ಯವೇದ ಎನ್ನುತ್ತಾರೆ, ಕಥೋಲಿಕರು ಪವಿತ್ರ ಬೈಬಲ್ ಅಥವಾ ಶ್ರೀಗ್ರಂಥ ಎನ್ನುತ್ತಾರೆ. ಅವರಿಗೆ ಸುವಾರ್ತೆ, ನಮಗೆ ಶುಭಸಂದೇಶ. ಅವರಿಗೆ ಯೋಹಾನ, ನಮಗೆ ಯೊವಾನ್ನ. ಅವರದು ಆರಾಧನೆ, ನಮ್ಮದು ಬಲಿಪೂಜೆ. ಹುಬ್ಬಳ್ಳಿಯ ಕಡೆಯ ನನ್ನ ಗೆಳತಿ ಮತ್ತು ನಾನು ಬಸ್ಸಿನಲ್ಲಿ ಒಂದೇ ಕಥೆಯನ್ನು ಹೇಳಿಕೊಳ್ಳುವಾಗ ಎಷ್ಟೋ ಸಲ ಹೆಸರುಗಳನ್ನು ಅನುವಾದ ಮಾಡಿಕೊಳ್ಳಬೇಕಾಗುತ್ತದೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಎಂಬ ಊರಿನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯ ಮಾಲೀಕರು ಭಾನುವಾರದ ಶಾಲೆ ಶುರು ಮಾಡಿದರು. ಅಲ್ಲಿನ ಬಡ ಮಕ್ಕಳು ವಾರಕ್ಕೆ ಆರು ದಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು, ಬಿಡುವು ಇದ್ದದ್ದು ಭಾನುವಾರ ಮಾತ್ರ. ಹಾಗಾಗಿ ಅಂದೇ ಅಕ್ಷರ ಕಲಿಸಿದರು, ಪಠ್ಯಪುಸ್ತಕ ಬೈಬಲ್. ಇಂದು ಸಂಡೇ ಸ್ಕೂಲ್ ಎಂದರೆ ಧರ್ಮಪಾಠ ಅಂದುಕೊಳ್ಳುತ್ತೇವೆ. ಶುರುವಾದಾಗ ಅದು ಓದಲು ಕಲಿಯುವ ಜಾಗವಾಗಿತ್ತು. ಬೇರೆ ದಿನ ಬಿಡುವಿಲ್ಲದ ಮಕ್ಕಳು ರಜೆಯ ದಿನ ಬಂದು ಅಕ್ಷರ ಕಲಿಯುವುದು. ನಮ್ಮ ಕನ್ನಡ ಶಾಲೆಯೂ ಹಾಗೇ ಅಲ್ಲವೇ?

ಕಥೋಲಿಕರಲ್ಲಿ 1973ರಲ್ಲಿ ಮಕ್ಕಳಿರುವ ಪೂಜೆಗಳಿಗಾಗಿ ರೋಮ್‌ನಿಂದ ಒಂದು ಮಾರ್ಗದರ್ಶಿ ಬಂತು. ಅದರಲ್ಲಿ ನನಗೆ ಹಿಡಿಸಿದ ಕೆಲವು ಮಾತುಗಳಿವೆ. ಮೂರು ಓದು ಮಕ್ಕಳಿಗೆ ಹೆಚ್ಚಾದರೆ ಎರಡು ಅಥವಾ ಒಂದೇ ಓದಬಹುದು, ಆದರೆ ಶುಭಸಂದೇಶ ಬಿಡುವಂತಿಲ್ಲ. ಚಿಕ್ಕದು ಎಂಬ ಒಂದೇ ಕಾರಣಕ್ಕೆ ಒಂದು ಭಾಗವನ್ನು ಆರಿಸಬಾರದು. ಗ್ರಂಥದ ಮಾತನ್ನು ನಮ್ಮಷ್ಟಕ್ಕೆ ಸರಳ ಮಾಡಿ ಬೇರೆ ಮಾತಲ್ಲಿ ಹೇಳುವುದು ಬೇಡ. ಕಥೆಯಲ್ಲಿ ಪಾತ್ರಗಳಿದ್ದರೆ ಮಕ್ಕಳು ಹಂಚಿಕೊಂಡು ಓದಬಹುದು. ಐವತ್ತು ವರ್ಷ ಹಿಂದೆಯೇ ಇಷ್ಟು ಹೇಳಿದ್ದಾರೆ. ಇಂದು ಎಷ್ಟೋ ಕಡೆ ಚಿಕ್ಕ ಮಕ್ಕಳ ಕೈಗೆ ಬಣ್ಣ ಹಚ್ಚುವ ಹಾಳೆ ಕೊಟ್ಟು ಮುಗಿಸುತ್ತಾರೆ. ಕುರಿಮರಿಗೆ ಬಣ್ಣ ಹಚ್ಚುವುದು ತಪ್ಪಲ್ಲ. ಆದರೆ ಕುರಿ ಏಕೆ ಕಳೆದುಹೋಯಿತು ಎಂದು ಕೇಳುವ ವಯಸ್ಸಿನವರಿಗೆ ಅದು ಸಾಲದು.

ಒಮಾನ್‌ನಲ್ಲಿ ನಾವು ಇದನ್ನು ಹೇಗೆ ಮಾಡುತ್ತೇವೆ? ಇಲ್ಲಿಗೆ ಆಧುನಿಕ ಕಾಲದಲ್ಲಿ ಬಂದ ಪಾದ್ರಿಗಳಲ್ಲಿ ಲಾಹೋರಿನ ಮೊದಲ ಬಿಷಪ್ ಥಾಮಸ್ ವಾಲ್ಪಿ ಫ್ರೆಂಚ್ ಒಬ್ಬರು. ಇಳಿವಯಸ್ಸಿನಲ್ಲಿ ಮಸ್ಕತ್‌ಗೆ ಬಂದು 1891ರ ಮೇ ತಿಂಗಳ ಸೆಖೆಯಲ್ಲಿ ತೀರಿಕೊಂಡರು. ಆಮೇಲೆ ಅಮೆರಿಕದಿಂದ ಪೀಟರ್ ಜ್ವೇಮರ್ ಬಂದರು. ಗುಲಾಮರನ್ನು ಸಾಗಿಸುತ್ತಿದ್ದ ಹಡಗಿನಿಂದ ಬಿಡಿಸಿದ 18 ಹುಡುಗರನ್ನು 1896ರಲ್ಲಿ ಮನೆಯಲ್ಲಿ ಇಟ್ಟುಕೊಂಡು ಓದು ಬರಹ ಕಲಿಸಿದರು. ಎರಡು ವರ್ಷದ ನಂತರ ಅವರೂ ಕಾಯಿಲೆಯಿಂದ ತೀರಿಕೊಂಡರು, ಆಗ ಅವರಿಗೆ 30 ವರ್ಷ.

1970ರಲ್ಲಿ ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದ ಮೇಲೆ ನಮ್ಮವರು ಕೆಲಸಕ್ಕೆ ಹೆಚ್ಚು ಹೆಚ್ಚು ಬರತೊಡಗಿದರು. ಚರ್ಚ್ ಕಟ್ಟಲು ಸುಲ್ತಾನರೇ ಜಾಗ ಕೊಟ್ಟರು. ರೂವಿಯಲ್ಲೂ ಘಾಲಾದಲ್ಲೂ ಕಥೋಲಿಕ, ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್ ಸಭೆಗಳು ಅಕ್ಕಪಕ್ಕದಲ್ಲಿವೆ. ಸೋಹಾರ್ ಮತ್ತು ಸಲಾಲಾದಲ್ಲೂ ಕಥೋಲಿಕ ಚರ್ಚ್‌ಗಳಿವೆ. ಒಂದೇ ಆವರಣದಲ್ಲಿ ಒಂದು ಭಾಷೆಯವರು ಹೊರಗೆ ಬರುವಾಗ ಇನ್ನೊಂದು ಭಾಷೆಯವರು ಒಳಗೆ ಹೋಗುತ್ತಿರುತ್ತಾರೆ. ಚಪ್ಪಾಳೆಯ ಹಾಡು ಕೇಳಿಸುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಮಲಯಾಳಂ ಪ್ರಾರ್ಥನೆ ಶುರುವಾಗಿರುತ್ತದೆ.

ಇಲ್ಲಿ ಭಾನುವಾರ ಆಫೀಸು, ಶಾಲೆ ಎಲ್ಲ ಇರುತ್ತದೆ. 2013ರ ಮೇ 1ರವರೆಗೆ ವಾರದ ರಜೆ ಗುರುವಾರ ಮತ್ತು ಶುಕ್ರವಾರ, ಈಗ ಶುಕ್ರವಾರ ಮತ್ತು ಶನಿವಾರ. ಹಾಗಾಗಿ ಜನ ಹೆಚ್ಚು ಸೇರುವುದು ಶುಕ್ರವಾರ. ಅಂದು ಓದುವುದು ಮುಂದೆ ಬರುವ ಭಾನುವಾರದ ಪಾಠ. ಇದರಿಂದ ಒಂದು ತಮಾಷೆ ಆಗುತ್ತದೆ. ಊರಲ್ಲಿ ಅಜ್ಜಿ ಭಾನುವಾರ ಕೇಳುವ ಪಾಠವನ್ನು ನಾವು ಎರಡು ದಿನ ಮೊದಲೇ ಕೇಳಿರುತ್ತೇವೆ. ಇಡೀ ಪ್ರಪಂಚಕ್ಕೆ ಒಂದೇ ಪಟ್ಟಿ ಇರುವುದರ ಲಾಭ ನನಗೆ ಅರ್ಥವಾದದ್ದು ಹೀಗೆ. ಫೋನಿನಲ್ಲಿ ಅಜ್ಜಿಯ ಜೊತೆ ಮಾತಾಡಲು ಪ್ರತಿ ವಾರ ಒಂದು ವಿಷಯ ತಾನಾಗಿ ಸಿಗುತ್ತದೆ. "ಈ ವಾರ ಜಕ್ಕಾಯ ಮರ ಹತ್ತಿದ ಕಥೆ" ಎಂದರೆ ಅವರು, "ಅದು ಯಾವ ಮರ ಅಂತ ನಿಮ್ಮ ಪಾದ್ರಿ ಹೇಳಿದರೋ?" ಎಂದು ಕೇಳುತ್ತಾರೆ. ಅತ್ತಿಯ ಜಾತಿಯ ಮರ. ಮಸ್ಕತ್‌ನಲ್ಲಿ ಹುಟ್ಟಿದ ನನ್ನ ತಮ್ಮ ಅತ್ತಿಮರವನ್ನೇ ನೋಡಿರಲಿಲ್ಲ. ಕಳೆದ ರಜೆಯಲ್ಲಿ ಅಜ್ಜಿ ಗುಡ್ಡೆಯ ಬದಿಗೆ ಕರೆದುಕೊಂಡು ಹೋಗಿ ತೋರಿಸಿದರು.

ಈಗ ಕಷ್ಟದ ಮಾತು. ಅಜ್ಜಿಯ ಕಣ್ಣು ಮಂಜಾಗುತ್ತಿದೆ. ಕನ್ನಡ ಲಿಪಿಯ ಕೊಂಕಣಿ ಬೈಬಲ್ ಅವರ ಮಂಚದ ಪಕ್ಕದಲ್ಲೇ ಇರುತ್ತದೆ, ಓದಲಾಗುವುದಿಲ್ಲ. ಶನಿವಾರ ಸಂಜೆ ನಾನು ಇಲ್ಲಿಂದ ಫೋನಿನಲ್ಲಿ ಮರುದಿನದ ಪಾಠ ಓದುತ್ತೇನೆ. ನಾನು ಓದಬಲ್ಲೆ, ಏಕೆಂದರೆ ಈ ಕನ್ನಡ ಶಾಲೆಯಲ್ಲಿ ಅ, ಆ, ಇ, ಈ ಕಲಿತೆ. ತಮ್ಮನಿಗೆ ಆಗುವುದಿಲ್ಲ. ಅವನು ಕೊಂಕಣಿ ಚೆನ್ನಾಗಿ ಮಾತಾಡುತ್ತಾನೆ, ಅಜ್ಜಿಗಿಂತ ಜೋರಾಗಿ! ಆದರೆ ಅಕ್ಷರ ಬಾರದು. ನಮ್ಮ ಕೊಂಕಣಿ ಪೂಜೆಯಲ್ಲೂ ನನ್ನ ವಯಸ್ಸಿನ ಹಲವರು ಪಾಠವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಓದುತ್ತಾರೆ. ಕೇಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಪುಸ್ತಕ ತೆರೆದರೆ ಮಾತ್ರ ತಿಳಿಯುತ್ತದೆ. ಆ ಹಾಳೆಯಲ್ಲಿ ಇರುವುದು ಆ ವಾರದ ಪಾಠ ಅಷ್ಟೇ. ಉಳಿದ ಸಾವಿರ ಪುಟ, ಅಜ್ಜಿಯ ಹಾಡಿನ ಪುಸ್ತಕ, ಅಜ್ಜ ಜೋಡಿಸಿಟ್ಟ ಹಳೆಯ ರಾಕ್ಣೊ ಸಂಚಿಕೆಗಳು ಅವರಿಗೆ ಮುಚ್ಚಿಯೇ ಇರುತ್ತವೆ.

ಅಪ್ಪ ಅಮ್ಮಂದಿರಲ್ಲಿ ಒಂದು ಮಾತು. ನಿಮ್ಮದು ಯಾವ ಧರ್ಮದ ಮನೆಯಾದರೂ ಆಗಲಿ, ವಾರಕ್ಕೊಮ್ಮೆ ಓದುವ ಗ್ರಂಥ ಇದ್ದರೆ ಓದುವ ಕೆಲಸವನ್ನು ಮನೆಯ ಅತಿ ಚಿಕ್ಕವರಿಗೆ ಕೊಡಿ. ನಮ್ಮ ಮನೆಯಲ್ಲಿ ಗುರುವಾರ ರಾತ್ರಿ ಊಟದ ಮೊದಲು ಮರುದಿನದ ಶುಭಸಂದೇಶ ಓದುತ್ತೇವೆ. ಹತ್ತು ನಿಮಿಷ ಸಾಕು. ಮೊದಲೇ ಕೇಳಿದ ಕಥೆಯಾದರೆ ಚರ್ಚ್‌ನಲ್ಲಿ ಮಕ್ಕಳು ನಿದ್ದೆ ಹೋಗುವುದು ಕಡಿಮೆ, ಇದು ನಾನು ತಮ್ಮನ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ. ಈಗ ಅವನಿಗೆ ವಾರಕ್ಕೆ ಒಂದೇ ವಾಕ್ಯ ಕನ್ನಡ ಲಿಪಿಯಿಂದ ಓದಲು ಕೊಡುತ್ತೇವೆ. ಒತ್ತಕ್ಷರ ಬಂದಾಗ ನಿಲ್ಲುತ್ತಾನೆ. "ಕ್ರಿಸ್ತ" ಎಂಬ ಪದದಲ್ಲೇ ಎರಡು ಒತ್ತಕ್ಷರ ಇರುವುದು ಅನ್ಯಾಯ ಎಂಬುದು ಅವನ ವಾದ.

ಕೊನೆಗೆ ಒಂದು ಕೋರಿಕೆ. ಬೇಸಿಗೆ ರಜೆಗೆ ಊರಿಗೆ ಹೋಗುವವರು ಅಜ್ಜಿ ಮನೆಯ ಕಪಾಟು, ಅಟ್ಟದ ಪೆಟ್ಟಿಗೆ ಒಮ್ಮೆ ನೋಡಿ. ಕೈಬರಹದ ಓವಿಗಳು, 1907ರ ಕ್ರಿಸ್ತಪುರಾಣ, ಬಾಸೆಲ್ ಮಿಷನ್ ಪ್ರೆಸ್‌ನ ಹಳೆಯ ಸತ್ಯವೇದ ಅಥವಾ ಹಾಡಿನ ಪುಸ್ತಕ, ತುಳು ಹೊಸ ಒಡಂಬಡಿಕೆ, ಏನೇ ಸಿಕ್ಕರೂ ಮೊದಲ ಪುಟದ ಮತ್ತು ಹೆಸರು ಬರೆದಿರುವ ಪುಟದ ಫೋಟೋ ತೆಗೆದು ಪತ್ರಿಕೆಯ ಸಂಪಾದಕರಿಗೆ ಕಳುಹಿಸಿ. ಯಾರಾದರೂ ಹಿರಿಯರಿಗೆ ಪುರಾಣದ ಓವಿ ಹಾಡಲು ಬರುತ್ತಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡಿ, ಇಲ್ಲದಿದ್ದರೆ ಫ್ಯಾನಿನ ಸದ್ದೇ ಹೆಚ್ಚು ಕೇಳಿಸುತ್ತದೆ.